ಹೋಗುವಾಗ ಸರಿ, ಬರುವಾಗ ಕುಂಟು

ಮಂಡಿ ಬದಲಾಯಿಸಿಕೊಳ್ಳುವ ಮೊದಲು ನನಗೆ ಬುದ್ಧಿ ಹೇಳಿದವರು ಒಬ್ಬಿಬ್ಬರಲ್ಲ. ನೋವು ಹೇಗಿರುತ್ತದೆ, ಮೊದಲ ಸಲ ಎಬ್ಬಿಸಿ ನಡೆಸುವಾಗ ಹೇಗೆ ಕಣ್ಣು ಕತ್ತಲಿಡುತ್ತದೆ, ಯಾವ ಎಣ್ಣೆ ಹಚ್ಚಬೇಕು, ಯಾವ ಕಾಳು ತಿಂದರೆ ಕೀವಾಗುತ್ತದೆ ಎಂದೆಲ್ಲ ಹೇಳಿ, ಕಾಫಿ ಕುಡಿದು ಹೋದರು. ಎಲ್ಲ ಮುಗಿದು, ಹೊಲಿಗೆ ಬಿಚ್ಚಿ, ಊರುಗೋಲನ್ನೂ ಮೂಲೆಗಿಟ್ಟ ಮೇಲೆ, ಕಾಲಿನ ಮೂಳೆ ನೇರವಾಗಿ ಕೂತಿದೆಯೋ ಇಲ್ಲವೋ ಎಂದು ಎಕ್ಸ್‌ರೇ ತೆಗೆದು ನೋಡುತ್ತಾರೆ ಎಂಬುದನ್ನು ಮಾತ್ರ ಯಾರೂ ಹೇಳಲಿಲ್ಲ. ನನ್ನ ಪಾಲಿಗೆ ಆಪರೇಷನ್ನಿಗಿಂತ ಅದೇ ದೊಡ್ಡದಾಯಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನನ್ನ ಹಾಗೆ ಫೋನಿನ ಮುಂದೆ ಕೂತು ಎದೆ ಹೊಡೆದುಕೊಳ್ಳುತ್ತಿರುವವರು ಎಲ್ಲಿಯಾದರೂ ಇದ್ದೇ ಇರುತ್ತಾರೆ.

ನಾನು ಹುಟ್ಟಿದ್ದು ಗುಂಡ್ಲುಪೇಟೆ ಕಡೆಯ ಬಯಲಿನಲ್ಲಿ. ಮದುವೆಯಾಗಿ ಊಟಿ ಕಡೆಯ ಬೆಟ್ಟ ಹತ್ತಿದೆ. ನಮ್ಮ ಮನೆಯವರದು ಕುಂದಾ ಕಡೆಯ ಹಳೆಯ ವೀರಶೈವ ಮನೆತನ. ಅವರು ಅಲ್ಲಿನ ಪವರ್ ಹೌಸಿನಲ್ಲಿ ಫಿಟರ್ ಆಗಿದ್ದರು. ನಿವೃತ್ತಿಯಾದ ಮೇಲೆ ಕಾಲೊನಿಯ ಕ್ವಾರ್ಟರ್ಸ್ ಬಿಟ್ಟು ಹಟ್ಟಿಗೆ ಬಂದು, ಇರುವ ಸಣ್ಣ ಟೀ ತೋಟವನ್ನೇ ನೋಡಿಕೊಂಡಿದ್ದೇವೆ. ಮನೆಯಿಂದ ತೋಟಕ್ಕೆ ಇರುವುದು ಒಂದೇ ಕಾಲುದಾರಿ. ಗುಡ್ಡದ ಮಗ್ಗುಲನ್ನು ಬಳಸಿಕೊಂಡು ಹೋಗುತ್ತದೆ. ಹೋಗುವಾಗ ಎಡಗಡೆ ಗುಡ್ಡ, ಬಲಗಡೆ ಪಳ್ಳ, ಆಳವಾದ ತಗ್ಗು. ದಾರಿಯೂ ಪಳ್ಳದ ಕಡೆಗೇ ವಾಲಿಕೊಂಡಿದೆ. ಬಯಲಿನವಳಾದ ನನಗೆ ಮೊದಲು ಭಯವಾಗುತ್ತಿತ್ತು. ಆಮೇಲೆ ಬುಟ್ಟಿ ಹೊತ್ತುಕೊಂಡೇ ಹರಟೆ ಹೊಡೆಯುತ್ತಾ ಹೋಗುವಷ್ಟು ರೂಢಿಯಾಯಿತು.

ನನ್ನ ಎರಡು ಕಾಲೂ ಮಂಡಿಯ ಹತ್ತಿರ ಹೊರಕ್ಕೆ ಬಾಗಿದ್ದವು. ಯಾವಾಗ ಬಾಗಿದವೋ ನನಗೆ ಗೊತ್ತಿಲ್ಲ. ಒಂದೇ ದಿನದಲ್ಲಿ ಆಗುವ ಕೆಲಸವಲ್ಲ ಅದು. ಪಕ್ಕದ ಮನೆಯಲ್ಲೇ ಇರುವ ನನ್ನ ಓರಗಿತ್ತಿ ರಾಜಮ್ಮ, "ಅಕ್ಕನ ಕಾಲ ನಡುವೆ ನಮ್ಮ ನಾಯಿ ಮೈ ತಗಲದಂಗೆ ನುಗ್ಗಿ ಹೋಯ್ತದೆ" ಎಂದು ನಗುತ್ತಿದ್ದಳು. ಬಲಮಂಡಿ ಜಾಸ್ತಿ ಕೆಟ್ಟಿತ್ತು. ಕೊನೆಕೊನೆಗೆ ಬಚ್ಚಲಿಗೆ ಹೋಗಿ ಬರುವುದೇ ಒಂದು ಪ್ರಯಾಣವಾಯಿತು. ಆಪರೇಷನ್ ಎಂದರೆ ನಾನು ಸುತರಾಂ ಒಪ್ಪಿರಲಿಲ್ಲ. ಹಠ ಹಿಡಿದವರು ನಮ್ಮ ಮನೆಯವರು.

"ಎನ್ನ ಮಾತು ಕೇಳು ಗಿರಿಜಾ. ಬೇರಿಂಗ್ ತೇದು ಹೋದ್ಮೇಲೆ ಎಣ್ಣೆ ಹಚ್ಚಿ ಏನು ಫಲ? ಒಂದೂ ಇಲ್ಲೆ. ಬದಲಾಯಿಸೋದೇ."

ಕೊಯಮತ್ತೂರಿನ ಆಸ್ಪತ್ರೆಯನ್ನು ಹುಡುಕಿದವರೂ ಅವರೇ, ಡಾಕ್ಟರನ್ನು ಆರಿಸಿದವರೂ ಅವರೇ. ಬಲಮಂಡಿಗೆ ಆಪರೇಷನ್ ಆಯಿತು. ನಡುಗುತ್ತಾ ಎಚ್ಚರವಾದದ್ದು, ಕಾಲಿಗೆ ಹಾಕಿದ ಟ್ಯೂಬಿನಲ್ಲಿ ಕೆಂಪು ನೀರು ಇಳಿಯುತ್ತಿದ್ದದ್ದು, ಮಂಡಿ ಮಡಿಸುವ ವ್ಯಾಯಾಮ ಮಾಡಿಸುವ ಹುಡುಗ ಬಂದನೆಂದರೆ ಗೋಡೆಗೆ ಮುಖ ತಿರುಗಿಸುತ್ತಿದ್ದದ್ದು, ಇದನ್ನೆಲ್ಲ ಬಿಡಿಸಿ ಹೇಳುವುದಿಲ್ಲ. ಅನುಭವಿಸಿದವರಿಗೆ ಗೊತ್ತು. ಉಳಿದವರಿಗೆ ಗೊತ್ತಾಗದಿದ್ದರೇ ಒಳ್ಳೆಯದು. ಹಳೆಯ ನೋವು ಹೋಯಿತು ಎಂಬುದಂತೂ ನಿಜ. ಕಾಲು ನೋಡಿಕೊಂಡರೆ ಕಡ್ಡಿಯಂತೆ ನೆಟ್ಟಗಿತ್ತು. ನನಗೇ ಅದು ಬೇರೆ ಯಾರದೋ ಕಾಲು ಎನ್ನಿಸುತ್ತಿತ್ತು.

ಕೋಲು ಬಿಟ್ಟ ಮೇಲೆ, ಎಲೆ ಕೀಳಲು ಅಲ್ಲದಿದ್ದರೂ ಸುಮ್ಮನೆ ನಡಿಗೆ ಅಭ್ಯಾಸವಾಗಲಿ ಎಂದು ತೋಟಕ್ಕೆ ಹೋಗತೊಡಗಿದೆ. ಆಗ ಈ ವಿಚಿತ್ರ ಶುರುವಾಯಿತು. ಹೋಗುವಾಗ ಏನೂ ಇಲ್ಲ, ಹಾಯಾಗಿ ಹೋಗುತ್ತಿದ್ದೆ. ಬರುವಾಗ ಕುಂಟು. ಅದೇ ದಾರಿ, ಅದೇ ಕಾಲು. ಬಲಗಾಲು ಎತ್ತಿಟ್ಟಾಗಲೆಲ್ಲ ಸೊಂಟ ಒಂದು ಕಡೆ ಎಗರುತ್ತಿತ್ತು. ದಣಿವು ಇರಬೇಕೆಂದು ತೋಟದಲ್ಲಿ ಬಹಳ ಹೊತ್ತು ಕೂತು ಸುಧಾರಿಸಿಕೊಂಡು ಹೊರಟರೂ ಕುಂಟು ಹೋಗಲಿಲ್ಲ.

ರಾಜಮ್ಮ ಬಿಡುತ್ತಾಳೆಯೇ? "ಹೋವಾಗ ಮದ್ವೆಗೆ ಹೋವಂಗೆ ಹೋಯ್ತಾಳೆ. ಬರುವಾಗ ಮಾತ್ರ ಕುಂಟು. ಬುಟ್ಟಿ ಹೊರೋದು ಬರುವಾಗಲ್ವಾ?" ಎಂದು ಹಟ್ಟಿಯ ಹೆಂಗಸರ ಮುಂದೆಲ್ಲ ಹೇಳಿದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಒಳಗೆ ಮಾತ್ರ ಉರಿಯಿತು. ಇಷ್ಟೆಲ್ಲ ಅನುಭವಿಸಿ ಬಂದವಳಿಗೆ ಮೈಗಳ್ಳಿ ಎಂಬ ಹೆಸರು ಬೇರೆ.

ನಾನು ನಟಿಸುತ್ತಿಲ್ಲ ಎಂದು ಊರಿಗೆ ತೋರಿಸಿಕೊಟ್ಟದ್ದು ಒಂದು ಕಾಟಿ, ಅದೇ ಕಾಡುಕೋಣ. ಒಂದು ಸಂಜೆ ಎಲ್ಲರೂ ಸಾಲಾಗಿ ತೋಟದಿಂದ ಬರುತ್ತಿದ್ದೆವು. ತಿರುವಿನಲ್ಲಿ ದಾರಿಗಡ್ಡವಾಗಿ ನಿಂತಿತ್ತು, ಒಂಟಿ ಕಾಟಿ, ಎಮ್ಮೆಯ ಎರಡರಷ್ಟು ದೊಡ್ಡದು. ಹೆಂಗಸರು ಬುಟ್ಟಿ ಎಸೆದು ಬಂದ ದಾರಿಯಲ್ಲೇ ಓಡಿದರು. ಎಲ್ಲರಿಗಿಂತ ಮುಂದೆ ರಾಜಮ್ಮ. ನಾನು ಓಡಲು ಹೋದೆ, ಸೊಂಟ ಎಗರಿತು, ಟೀ ಗಿಡ ಹಿಡಿದುಕೊಂಡು ನಿಂತುಬಿಟ್ಟೆ. ಕಾಟಿ ನನ್ನನ್ನು ನೋಡಿತು. ನಾನೂ ಅದನ್ನು ನೋಡಿದೆ. ಬಾಯಿ ಒಣಗಿ ಶಿವಾ ಎನ್ನಲೂ ಆಗಲಿಲ್ಲ. ಆಮೇಲೆ ಅದಕ್ಕೇ ಬೇಸರವಾಯಿತೋ ಏನೋ, ಪಳ್ಳದ ಕಡೆಗೆ ಇಳಿದು ಹೋಯಿತು.

ರಾಜಮ್ಮ ಬಂದು ನನ್ನ ಕೈ ಹಿಡಿದುಕೊಂಡಳು. ಅವತ್ತೇ ನಮ್ಮ ಮನೆಯವರ ಹತ್ತಿರ ಬಂದು, "ಭಾವ, ಅಕ್ಕ ನಾಟಕ ಮಾಡ್ತಾ ಇಲ್ಲೆ. ಕಾಟಿ ಮುಂದೆ ಯಾರು ನಾಟಕ ಮಾಡ್ತಾರೆ? ಕಾಲಲ್ಲಿ ಏನೋ ತಪ್ಪಿದೆ, ತೋರ್ಸಿ" ಎಂದಳು.

ಡಾಕ್ಟರಿಗೆ ಫೋನ್ ಮಾಡಿದೆವು. ಮಂಡಿಯ ಎಕ್ಸ್‌ರೇ ತೆಗೆಸಿ ಕಳಿಸಿ ಎಂದರು. ಊಟಿಗೆ ಹೋದೆವು. ಅಲ್ಲಿ ನೂಕುನುಗ್ಗಲು. ನಿಲ್ಲಿಸಿದರು, ತೆಗೆದರು, ಕವರು ಕೈಗೆ ಕೊಟ್ಟರು. ನಮ್ಮ ಮನೆಯವರು ಅದನ್ನು ಬೆಳಕಿಗೆ ಹಿಡಿದು ಮೊಬೈಲಿನಲ್ಲಿ ಫೋಟೋ ತೆಗೆದು ಕೊಯಮತ್ತೂರಿಗೆ ಕಳಿಸಿದರು.

ಉತ್ತರ ಬಂದಾಗ ನಾನು ಒಲೆಯ ಹತ್ತಿರ ಕುರ್ಚಿ ಹಾಕಿಕೊಂಡು ಅವರೆಕಾಯಿ ಬಿಡಿಸುತ್ತಿದ್ದೆ. ಫೋನ್ ಮಾಡಿದವರು ಡಾಕ್ಟರಲ್ಲ, ಅವರ ಕೈಕೆಳಗಿನವರು. "ಅಲೈನ್‌ಮೆಂಟ್ ನೋಡಬೇಕಂತೆ ಸಾರ್. ಇದರಲ್ಲಿ ಸ್ವಲ್ಪ ಡೌಟ್ ಇದೆ. ಸೊಂಟದಿಂದ ಪಾದದವರೆಗೆ ನಿಂತು ತೆಗೆಯುವ ಉದ್ದದ ಎಕ್ಸ್‌ರೇ ಬೇಕು. ಡಾಕ್ಟರ್ ಈಗ ಊರಲ್ಲಿಲ್ಲ, ಬಂದಮೇಲೆ ದಿನ ಹೇಳುತ್ತೇವೆ." ಅಷ್ಟು ಹೇಳಿ ಇಟ್ಟುಬಿಟ್ಟರು.

ಅಲೈನ್‌ಮೆಂಟ್ ಎಂಬ ಮಾತು ನನಗೆ ಅರ್ಥವಾಗಲಿಲ್ಲ. ಬೇರೆ ಮನೆಯಾಗಿದ್ದರೆ ಯಾರಿಗೂ ಆಗುತ್ತಿರಲಿಲ್ಲ, ಎಲ್ಲರೂ ಊಟ ಮಾಡಿ ಮಲಗುತ್ತಿದ್ದರು. ನಮ್ಮ ಮನೆಯವರಿಗೆ ಮಾತ್ರ ಅದು ಚೆನ್ನಾಗಿ ಗೊತ್ತಿದ್ದ ಮಾತು. ಪವರ್ ಹೌಸಿನಲ್ಲಿ ನೀರಿನ ಚಕ್ರಕ್ಕೂ ಕರೆಂಟ್ ಮಾಡುವ ಯಂತ್ರಕ್ಕೂ ನಡುವೆ ಒಂದು ದಪ್ಪ ಕಬ್ಬಿಣದ ದಂಡ ಇರುತ್ತದಂತೆ. ಅದು ನೆಟ್ಟಗೆ ಕೂತಿದೆಯೇ ಎಂದು ನೋಡುವುದೇ ಅವರ ಕೆಲಸವಾಗಿತ್ತು. ಒಂದು ಕೂದಲೆಳೆಯಷ್ಟು ಆಚೀಚೆಯಾದರೂ ಯಂತ್ರ ನಡುಗುತ್ತದೆ, ಕಾಯುತ್ತದೆ, ಸುಟ್ಟುಹೋಗುತ್ತದೆ.

"ಹಾಗಾದ್ರೆ ಏನು ಮಾಡ್ತೀರಿ?" ಎಂದು ಕೇಳಿದೆ.

ಅವರು ಗಮನವಿಲ್ಲದೆ, "ಪೂರ್ತಿ ಬಿಚ್ಚಿ ಮತ್ತೆ ಕೂರಿಸೋದೇ. ಬೇರೆ ದಾರಿ ಇಲ್ಲೆ" ಎಂದರು. ಹೇಳಿದ ಮೇಲೆ ನನ್ನ ಮುಖ ನೋಡಿದರು.

ಆ ಕ್ಷಣದಿಂದ ನನ್ನ ತಲೆಯೊಳಗೆ ಒಂದೇ ಮಾತು. ಬಿಚ್ಚಿ ಮತ್ತೆ ಕೂರಿಸುವುದು. ಅದೇ ಹೊಲಿಗೆಯ ಮೇಲೆ ಮತ್ತೆ ಕತ್ತಿ. ಮತ್ತೆ ಆ ನಡುಕ, ಆ ಟ್ಯೂಬು, ಆ ಹುಡುಗ. ನಾನು ಇನ್ನೊಮ್ಮೆ ಬದುಕಿ ಬರುವುದಿಲ್ಲ ಎಂದೇ ಅನ್ನಿಸಿತು. ಅವರೆಕಾಯಿಯನ್ನು ಹಾಗೇ ಬಿಟ್ಟು ಎದ್ದು ಹೋದೆ.

ಮರುದಿನ ಬೆಳಿಗ್ಗೆ ಅವರು ಹಳೆಯ ಸಾಮಾನಿನ ಪೆಟ್ಟಿಗೆಯಿಂದ ತೂಗುಗುಂಡು ತೆಗೆದರು. ಗೋಡೆ ನೆಟ್ಟಗಿದೆಯೇ ಎಂದು ನೋಡಲು ಗಾರೆಯವರು ದಾರಕ್ಕೆ ಕಟ್ಟಿ ಇಳಿಬಿಡುತ್ತಾರಲ್ಲ, ಅದು. ನನ್ನನ್ನು ಜಗಲಿಯ ಮೇಲೆ ನಿಲ್ಲಿಸಿದರು. ಎಡಗಾಲಿನ ಪಕ್ಕ ದಾರ ಇಳಿಬಿಟ್ಟು, ಮಂಡಿಗೂ ದಾರಕ್ಕೂ ಎಷ್ಟು ದೂರ ಎಂದು ಬೆರಳಿನಲ್ಲಿ ಅಳೆದರು. ಆಮೇಲೆ ಬಲಗಾಲಿಗೆ ಬಂದರು. ಮತ್ತೆ ಎಡಗಾಲು. ಮತ್ತೆ ಬಲ. ಬಾಗಿಲ ಹತ್ತಿರ ನಿಂತಿದ್ದ ರಾಜಮ್ಮ ದಾರವನ್ನೇ ನೋಡುತ್ತಿದ್ದಳು. ನಾನು ಕಂಬದ ಹಾಗೆ ನಿಂತಿದ್ದೆ, ನಗು ಬರಬೇಕಿತ್ತು, ಬರಲಿಲ್ಲ.

"ಎರಡಕ್ಕೂ ತಾಳೆ ಇಲ್ಲೆ" ಎಂದರು ಕೊನೆಗೆ. "ಹೊಸದು ಬಹಳ ತಪ್ಪಿಹೋಗಿದೆ."

ಅಷ್ಟು ಹೇಳಿ ದಾರ ಸುತ್ತಿ ಒಳಗೆ ಹೋದರು. ಆಮೇಲೆ ಆಸ್ಪತ್ರೆಯಿಂದ ದಿನ ಗೊತ್ತಾಗುವವರೆಗೂ ನಮ್ಮ ಮನೆಯಲ್ಲಿ ಮಾತೇ ಇರಲಿಲ್ಲ. ಅವರು ತಟ್ಟೆಯ ಮುಂದೆ ಕೂತು ಅನ್ನ ಕಲಸುವರು, ತಿನ್ನದೆ ಏಳುವರು. ತಾವು ಹಠ ಹಿಡಿದು ಮಾಡಿಸಿದ್ದು ಹೀಗಾಯಿತಲ್ಲ ಎಂದು ಒಳಗೇ ಕೊರಗುತ್ತಿದ್ದರು. ನನಗೆ ಅದು ಕಾಣುತ್ತಿತ್ತು. ಹೋಗಲಿ ಬಿಡಿ ಎಂದು ಒಂದು ಮಾತು ಹೇಳಬಹುದಿತ್ತು, ಹೇಳಲಿಲ್ಲ. ನನಗೆ ಅವರ ಮೇಲೆ ಕೆಟ್ಟ ಕೋಪವಿತ್ತು. ಕತ್ತಿಯ ಕೆಳಗೆ ಮಲಗಬೇಕಾದವಳು ನಾನು, ಊಟ ಬಿಟ್ಟು ಕೂತವರು ಅವರು.

ಕೊಯಮತ್ತೂರಿಗೆ ಹೋದ ದಿನ ಬಸ್ಸಿನ ಡ್ರೈವರ್ ನನ್ನ ಕಾಲು ನೋಡಿ ಮುಂದಿನ ಸೀಟು ಬಿಡಿಸಿಕೊಟ್ಟ. ಘಾಟಿ ಇಳಿಯುವಾಗ ತಿರುವು ಬಂದಲ್ಲೆಲ್ಲ ನಮ್ಮ ಮನೆಯವರು ಕೈ ಅಡ್ಡ ಹಿಡಿಯುತ್ತಿದ್ದರು. ನಾನು ಕಿಟಕಿಯ ಕಡೆ ನೋಡುತ್ತಿದ್ದೆ. ಮೇಟ್ಟುಪಾಳಯಂ ಬರುವಷ್ಟರಲ್ಲಿ ಸೆಕೆ ಶುರುವಾಗಿ ಸ್ವೆಟರ್ ಬಿಚ್ಚಬೇಕಾಯಿತು. ಅದನ್ನು ಮಡಚಿ ಅವರೇ ಇಟ್ಟುಕೊಂಡರು.

ಆಸ್ಪತ್ರೆಯಲ್ಲಿ ಸರದಿ ಕಾಯುವ ಹಾಲ್‌ನಲ್ಲಿ ಕುರ್ಚಿಗಳೆಲ್ಲ ತುಂಬಿದ್ದವು. ಎಲ್ಲರ ಕೈಯಲ್ಲೂ ದೊಡ್ಡ ಕವರು. ಯಾರಾದರೂ ಬಾಗಿಲು ತೆಗೆದು ಹೊರಗೆ ಬಂದರೆ ಎಲ್ಲರೂ ಅವರ ಮುಖ ನೋಡುವರು. ನಗುತ್ತಾ ಬಂದರೆ ನಮಗೂ ಸ್ವಲ್ಪ ಧೈರ್ಯ. ಪಕ್ಕದಲ್ಲಿ ಕೂತಿದ್ದ ಹೆಂಗಸೊಬ್ಬಳು, ಈರೋಡಿನ ಕಡೆಯವಳಂತೆ, ತನ್ನ ಬಟ್ಟೆಯ ಚೀಲವನ್ನು ನನ್ನ ಮುಂದೆ ಸರಿಸಿ, "ಕಾಲು ಇದರ ಮೇಲೆ ಇಡಿ ಅಕ್ಕಾ, ತೂಗಾಡಿಸಿಕೊಂಡಿದ್ದರೆ ಊದಿಕೊಳ್ಳುತ್ತದೆ" ಎಂದು ತಮಿಳಿನಲ್ಲಿ ಹೇಳಿದಳು. ಪರಿಚಯವಿಲ್ಲದವರ ಬಟ್ಟೆಯ ಮೇಲೆ ಕಾಲಿಡುವುದೇ ಎಂದು ಹಿಂಜರಿದೆ. ಅವಳೇ ನನ್ನ ಪಾದ ಎತ್ತಿ ಇಟ್ಟಳು. ನನ್ನ ಕಣ್ಣಲ್ಲಿ ನೀರು ಬಂತು. ಅಷ್ಟು ದಿನ ಅಳದೇ ಇದ್ದದ್ದು ಆ ಚೀಲದ ಮುಂದೆ ಬಂತು.

ಎಕ್ಸ್‌ರೇ ಕೋಣೆಯಲ್ಲಿ ನನಗಿಂತ ಎತ್ತರದ ಒಂದು ಹಲಗೆ. ಅದರ ಮುಂದೆ ಬರಿಗಾಲಲ್ಲಿ ನಿಲ್ಲಬೇಕು. ಅಲ್ಲಿದ್ದ ಹುಡುಗಿ, "ನೇರಾ ನಿಲ್ಲುಂಗಮ್ಮಾ" ಎಂದಳು. ನೇರವಾಗಿಯೇ ನಿಂತಿದ್ದೇನಲ್ಲ ಎಂದೆ. ಅವಳು ಹತ್ತಿರ ಬಂದು ಬಗ್ಗಿ ನೋಡಿದಳು. ನಾನು ಬಲಮಂಡಿಯನ್ನು ಕೊಂಚ ಮಡಿಸಿ, ಪಾದವನ್ನು ಹೊರಕ್ಕೆ ತಿರುಗಿಸಿ ನಿಂತಿದ್ದೆನಂತೆ. ಗುಡ್ಡದ ಮೇಲೆ ಹಾಗೇ ಅಲ್ಲವೇ ನಿಲ್ಲುವುದು. ಎರಡು ಮಂಡಿಚಿಪ್ಪೂ ಮುಂದಕ್ಕೆ ನೋಡುವಂತೆ ಅವಳು ನನ್ನ ಕಾಲನ್ನು ತಿರುಗಿಸಿದಳು. ಮಂಡಿ ನೇರ ಮಾಡಿದ ಕೂಡಲೇ ಸೊಂಟ ಬಲಕ್ಕೆ ಎದ್ದಿತು, ಎಡಗಾಲಿನ ಹಿಮ್ಮಡಿ ನೆಲ ಬಿಟ್ಟಿತು. ಅವಳು ಒಳಗಿನಿಂದ ತೆಳ್ಳಗಿನ ಮರದ ತುಂಡುಗಳನ್ನು ತಂದು ನನ್ನ ಎಡಪಾದದ ಕೆಳಗೆ ಒಂದೊಂದಾಗಿ ಸೇರಿಸಿ, "ಈಗ? ಈಗ?" ಎಂದು ಕೇಳುತ್ತಾ ಹೋದಳು. ಒಂದು ಹಂತದಲ್ಲಿ ಮೈ ತಾನಾಗಿ ಸಮವಾಗಿ ನಿಂತಿತು. ಆಪರೇಷನ್ ಆದಮೇಲೆ ಎರಡು ಕಾಲಿನ ಮೇಲೂ ಒಂದೇ ಭಾರ ಬಿದ್ದದ್ದು ಅದೇ ಮೊದಲು. ಅದರ ಅರ್ಥ ಏನೆಂದು ಆಗ ಹೊಳೆಯಲಿಲ್ಲ. ಉಸಿರು ಹಿಡಿಯಿರಿ ಎಂದಳು, ಹಿಡಿದೆ.

ಡಾಕ್ಟರ ಕೋಣೆಯಲ್ಲಿ ಪರದೆಯ ಮೇಲೆ ನನ್ನ ಮೂಳೆಗಳೆಲ್ಲ ಸೊಂಟದಿಂದ ಪಾದದವರೆಗೆ ನಿಂತಿದ್ದವು. ಬಲಮಂಡಿಯಲ್ಲಿ ಲೋಹ ಬೆಳ್ಳಗೆ ಹೊಳೆಯುತ್ತಿತ್ತು. ನಾನು ನೋಡಲಾರದೆ ಮೇಜಿನ ಅಂಚು ನೋಡುತ್ತಿದ್ದೆ. ನಮ್ಮ ಮನೆಯವರು ಮಾತ್ರ ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಡಾಕ್ಟರು ಬಲಸೊಂಟದ ಕೀಲಿನಿಂದ ಹಿಮ್ಮಡಿಯ ಗಂಟಿನವರೆಗೆ ಒಂದು ಗೆರೆ ಎಳೆದರು. ಗೆರೆ ಹೊಸ ಮಂಡಿಯ ನಟ್ಟನಡುವೆ ಇಳಿದಿತ್ತು.

"ಇದು ಸರಿಯಾಗಿದೆ. ಇದಕ್ಕಿಂತ ನೇರ ಬೇಕಿಲ್ಲ" ಎಂದರು ತಮಿಳಿನಲ್ಲಿ. "ಊಟಿಯಲ್ಲಿ ಮಂಡಿ ತಿರುಗಿಸಿಕೊಂಡು ನಿಂತಿದ್ದಿರಿ. ಅದಕ್ಕೇ ಆ ಚಿತ್ರದಲ್ಲಿ ಸೊಟ್ಟಗೆ ಕಂಡಿತು."

"ಇಲ್ಲೆ ಸಾರ್" ಎಂದರು ನಮ್ಮ ಮನೆಯವರು. "ನಾನು ಗುಂಡು ಬಿಟ್ಟು ನೋಡಿದೆ. ಎರಡು ಕಾಲಿಗೂ ತಾಳೆ ಇಲ್ಲೆ."

ಡಾಕ್ಟರು ಏನು ಗುಂಡು ಎಂದು ಕೇಳಿದರು. ಇವರು ಎಲ್ಲವನ್ನೂ ಹೇಳಿದರು, ಜಗಲಿ, ದಾರ, ಬೆರಳಿನ ಅಳತೆ. ಡಾಕ್ಟರು ನಗಲಿಲ್ಲ. "ಯಾವ ಕಾಲನ್ನು ಸರಿ ಅಂತ ಇಟ್ಟುಕೊಂಡು ಅಳೆದಿರಿ?" ಎಂದರು.

"ಹಳೇ ಕಾಲು."

ಡಾಕ್ಟರು ಎಡಗಾಲಿಗೂ ಹಾಗೇ ಗೆರೆ ಎಳೆದರು. ಗೆರೆ ಮಂಡಿಯನ್ನು ಮುಟ್ಟಲೇ ಇಲ್ಲ, ಒಳಮಗ್ಗುಲಲ್ಲಿ ದೂರವೇ ಇಳಿದುಹೋಯಿತು. "ತಾಳೆ ಇಲ್ಲ, ನಿಜ. ಸೊಟ್ಟಗಿರುವುದು ಇದು. ಬಾಗಿದ್ದ ಬಲಗಾಲು ನೆಟ್ಟಗಾಯಿತಲ್ಲ, ಈಗ ಅದು ಇದಕ್ಕಿಂತ ಉದ್ದ. ಅದಕ್ಕೇ ಕುಂಟುತ್ತಿದ್ದೀರಿ."

"ಹಾಗಾದ್ರೆ ಬರುವಾಗ ಮಾತ್ರ ಯಾಕೆ ಕುಂಟೋದು?" ಎಂದು ನಾನು ಕೇಳಿದೆ. ಡಾಕ್ಟರಿಗೆ ತಿಳಿಯಲಿಲ್ಲ. ನಮ್ಮ ಮನೆಯವರು ಮೇಜಿನ ಮೇಲೆ ತಮ್ಮ ಅಂಗೈಯನ್ನು ಒಂದು ಕಡೆಗೆ ವಾಲಿಸಿ ಹಿಡಿದರು. "ಇದು ನಂಗ ತೋಟದ ದಾರಿ. ಹೋವಾಗ ಬಲಗಾಲು ಪಳ್ಳದ ಕಡೆ, ತಗ್ಗಿಗೆ. ಉದ್ದ ಇರೋ ಕಾಲು ತಗ್ಗಿಗೆ ಬಿದ್ರೆ ಎರಡೂ ಸಮ. ಬರುವಾಗ ಅದೇ ಕಾಲು ಗುಡ್ಡದ ಕಡೆ, ಎತ್ತರಕ್ಕೆ…" ಎಂದು ಹೇಳುತ್ತಾ ಹೇಳುತ್ತಾ ಅಂಗೈ ಹಾಗೇ ಇಟ್ಟುಕೊಂಡು ಅತ್ತರು. ತಮ್ಮ ತಂದೆ ತೀರಿಕೊಂಡಾಗಲೂ ಜನರ ಮುಂದೆ ಅಳದ ಮನುಷ್ಯ. ನನ್ನ ಕೋಪವೆಲ್ಲ ಎಲ್ಲಿ ಹೋಯಿತೋ. ಡಾಕ್ಟರ ಎದುರಿಗೇ ಅವರ ಕೈ ಹಿಡಿದುಕೊಂಡೆ. ಮದುವೆಯಾದಾಗಿನಿಂದ ಇನ್ನೊಬ್ಬರ ಮುಂದೆ ಹಾಗೆ ಹಿಡಿದದ್ದಿಲ್ಲ. ಡಾಕ್ಟರು ನೀರಿನ ಲೋಟ ಇವರ ಕಡೆ ಸರಿಸಿದರು.

"ಎಡಗಾಲಿಗೂ ಮಾಡಿಸಿದರೆ ಸಮವಾಗುತ್ತದೆ. ಅವಸರವಿಲ್ಲ. ಅಲ್ಲಿಯವರೆಗೆ ಎಡ ಚಪ್ಪಲಿಗೆ ದಪ್ಪ ಅಟ್ಟೆ ಹಾಕಿಸಿ. ಮನೆಗೆ ಹೋಗಿ ಯೋಚಿಸಿ" ಎಂದರು.

ಹೊರಗೆ ಬಂದೆವು. ಹಾಲ್‌ನಲ್ಲಿದ್ದವರೆಲ್ಲ ನಮ್ಮ ಮುಖ ನೋಡಿದರು. ಇವರದು ಅತ್ತ ಮುಖ, ನನ್ನದು ನಗುವ ಮುಖ, ಅವರಿಗೆ ಏನು ತಿಳಿಯಬೇಕು. ಈರೋಡಿನವಳು ಇರಲಿಲ್ಲ, ಒಳಗೆ ಕರೆದಿರಬೇಕು.

ಮೆಟ್ಟಿಲ ಹತ್ತಿರ ನಮ್ಮ ಮನೆಯವರು ನಿಂತರು. "ಚಪ್ಪಲಿ ಮಾಡ್ಸುವ. ಅದು ಸಾಕು. ಇನ್ನೊಂದು ಕಾಲು ಬೇಡ ಗಿರಿಜಾ. ಇನ್ನೊಂದ್ಸಲ ಎನ್ನ ಕೈಲಿ ಆಗ್ತಾ ಇಲ್ಲೆ."

ನನಗೂ ಅದೇ ಬೇಕಿತ್ತು. ಬೇಡ ಎಂದು ಅವರೇ ಹೇಳಿದ್ದಾರೆ, ಆಯಿತೆಂದು ಬಸ್ಸು ಹತ್ತಿಬಿಡಬಹುದು. ಯಾರೂ ನನ್ನನ್ನು ಹೇಡಿ ಎನ್ನುವುದಿಲ್ಲ. ಮೆಟ್ಟಿಲಿನ ಕಂಬಿ ಹಿಡಿದುಕೊಂಡು ನಿಂತೆ. ಆ ಹುಡುಗಿ ಮರದ ತುಂಡು ಇಟ್ಟಾಗ ಮೈ ಸಮವಾಗಿ ನಿಂತಿತಲ್ಲ, ಆ ಒಂದು ಗಳಿಗೆ ನೆನಪಾಯಿತು. ಎಷ್ಟು ವರ್ಷದಿಂದ ನಾನು ಹಾಗೆ ನಿಂತಿರಲಿಲ್ಲವೋ. ನನಗೆ ಅದು ಬೇಕು ಅನ್ನಿಸಿತು. ಹಾಗೆ ನಿಲ್ಲಬೇಕು, ತುಂಡಿಲ್ಲದೆ ನಿಲ್ಲಬೇಕು.

"ನೀವು ಹೆದರ್ಕತೀರಿ ಅಂತ ನಾನು ಕುಂಟ್ಕಂಡೇ ಇರ್ಬೇಕಾ?" ಎಂದೆ.

ನಾನು ತಿರುಗಿ ಡಾಕ್ಟರ ಕೋಣೆಯ ಕಡೆಗೆ ಹೊರಟೆ. ಹಾಲ್‌ನ ಉದ್ದಕ್ಕೂ ಕುಂಟುತ್ತಲೇ ಹೋದೆ. ಬಾಗಿಲಲ್ಲಿದ್ದ ನರ್ಸು ತಡೆಯಲು ಬಂದಳು, ಒಂದೇ ಮಾತು ಎಂದು ಹೇಳಿ ತಲೆ ಒಳಗೆ ಹಾಕಿದೆ. ಡಾಕ್ಟರು ಮುಂದಿನವರ ಕವರು ಬಿಚ್ಚುತ್ತಿದ್ದರು.

"ಡಾಕ್ಟ್ರೇ, ಇನ್ನೊಂದು ಕಾಲಿಗೆ ಯಾವತ್ತು ಬರಲಿ?"

ಅವರು ನನ್ನ ಹಿಂದೆ ನೋಡಿದರು. ಯಾರೂ ಇರಲಿಲ್ಲ. "ಯೋಚಿಸಿ ಹೇಳಿ ಅಂದಿದ್ದೆ. ನಿಮ್ಮ ಮನೆಯವರು ಒಪ್ಪಿದರಾ?"

"ಇಲ್ಲ. ಅವರು ಹೆದರಿಕೊಂಡೇ ಬರುತ್ತಾರೆ" ಎಂದೆ. "ನಾನೂ ಹೆದರಿಕೊಂಡೇ ಬರುತ್ತೇನೆ. ನೀವು ದಿನ ಹೇಳಿ."